ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಅಲ್ವಾ ಸಾರ್?

ಹೊಟ್ಟೆನೋವು ಅಂತ ಬಂದವರು ಮೊದಲು ನನ್ನ ಮೇಜಿನ ಮೇಲೆ ಇಡುವುದು ಸ್ಕ್ಯಾನಿಂಗ್ ರಿಪೋರ್ಟ್. ನೋವು ಎಲ್ಲಿ ಶುರುವಾಯ್ತು ಅಂತ ಕೇಳುವಷ್ಟರಲ್ಲಿ, "ಸ್ಕ್ಯಾನ್‌ನಲ್ಲಿ ಏನೂ ಇಲ್ಲ ಸಾರ್, ಗ್ಯಾಸ್ ಇರಬೇಕು" ಅನ್ನುತ್ತಾರೆ.

ಒಬ್ಬ ಪಿಯುಸಿ ಹುಡುಗನನ್ನು ಅವನ ಅಪ್ಪ ಹೀಗೇ ಕರೆತಂದಿದ್ದರು. ಮೂರು ದಿನದ ಹಿಂದೆ ಹೊಕ್ಕಳ ಸುತ್ತ ನೋವು. ಬಟ್ಟಿ ಜಾರಿದೆ ಅಂತ ಅಜ್ಜಿ ಹೊಟ್ಟೆ ನೀವಿದ್ದರು. ಮರುದಿನ ಸ್ಕ್ಯಾನ್. 'ಅಪೆಂಡಿಕ್ಸ್ ಕಾಣಿಸುತ್ತಿಲ್ಲ, ಕರುಳಿನಲ್ಲಿ ಗ್ಯಾಸ್ ತುಂಬಿದೆ' ಅಂತ ಬರೆದಿತ್ತು. ಅಪೆಂಡಿಕ್ಸ್ ಅಂದರೆ ದೊಡ್ಡ ಕರುಳಿಗೆ ಅಂಟಿಕೊಂಡ, ಬೆರಳಿನಂಥ ಸಣ್ಣ ಕೊಳವೆ. ಮನೆಯವರು ಆ ರಿಪೋರ್ಟನ್ನು 'ಅಪೆಂಡಿಕ್ಸ್ ಅಲ್ಲ, ಬರೀ ಗ್ಯಾಸ್' ಅಂತ ಅರ್ಥ ಮಾಡಿಕೊಂಡರು.

ಈ ಒಂದು ಮಾತನ್ನು ದಯವಿಟ್ಟು ನಿಧಾನವಾಗಿ ಓದಿ. ನಾವು ಸ್ಕ್ಯಾನಿಂಗ್ ಅನ್ನುವುದು ಅಲ್ಟ್ರಾಸೌಂಡ್, ಅಂದರೆ ಶಬ್ದದ ಅಲೆ. ಅದು ಗಾಳಿ ದಾಟಿ ಹೋಗುವುದಿಲ್ಲ. ಕರುಳಿನಲ್ಲಿ ಗ್ಯಾಸ್ ಇದ್ದರೆ ಅದರ ಹಿಂದಿನದು ಕಾಣುವುದಿಲ್ಲ. ಅಪೆಂಡಿಕ್ಸ್ ಬಹಳ ಜನರಲ್ಲಿ ದೊಡ್ಡ ಕರುಳಿನ ಹಿಂದೆಯೇ ಅಡಗಿ ಕೂತಿರುತ್ತದೆ. ಹಾಗಾಗಿ ಆ ರಿಪೋರ್ಟ್ ಹೇಳಿದ್ದು ಇಷ್ಟೇ: ಅಪೆಂಡಿಕ್ಸ್ ನೋಡಲು ಆಗಲಿಲ್ಲ. ನೋಡಿದೆವು, ಚೆನ್ನಾಗಿದೆ ಅಂತ ಅದು ಹೇಳಲೇ ಇಲ್ಲ. ಬಾಗಿಲು ಹಾಕಿದ ಮನೆಯನ್ನು ಬೀದಿಯಲ್ಲಿ ನಿಂತು ನೋಡಿ, ಒಳಗೆ ಯಾರೂ ಇಲ್ಲ ಅನ್ನೋಕಾಗುತ್ತಾ?

ಹಾಗಾದರೆ ನಾವು ಕಂಡುಹಿಡಿಯುವುದು ಹೇಗೆ? ಜಾಸ್ತಿ ಪಾಲು ನಿಮ್ಮ ಮಾತಿನಿಂದ ಮತ್ತು ನಮ್ಮ ಕೈಯಿಂದ. ಅಪೆಂಡಿಕ್ಸ್ ಊದಿಕೊಂಡಾಗ ಮೊದಲು ಹೊಕ್ಕಳ ಸುತ್ತ ನೋವು ಬರುತ್ತದೆ, ಯಾಕೆಂದರೆ ಎರಡಕ್ಕೂ ನರದ ದಾರಿ ಒಂದೇ. ಊತ ಹೊಟ್ಟೆಯ ಒಳಪೊರೆಗೆ ತಾಗಿದ ಮೇಲೆ ನೋವು ಬಲಗಡೆ ಕೆಳಕ್ಕೆ ಇಳಿದು ಒಂದೇ ಕಡೆ ನಿಲ್ಲುತ್ತದೆ. ಊಟ ಸೇರುವುದಿಲ್ಲ, ವಾಂತಿ ಬರಬಹುದು. ನಾನು ಎಲ್ಲರಿಗೂ ಒಂದು ಪ್ರಶ್ನೆ ಕೇಳುತ್ತೇನೆ: ಬರುವಾಗ ಹಂಪ್ ದಾಟಿದಾಗ ಹೊಟ್ಟೆ ಹಿಡಿದುಕೊಂಡಿರಾ? ಒಳಪೊರೆಗೆ ಊತ ತಾಗಿದ್ದರೆ ಸಣ್ಣ ಕುಲುಕಾಟಕ್ಕೂ ನೋವಾಗುತ್ತದೆ. 1986ರಲ್ಲಿ ಆಲ್ವರಾಡೋ ಎಂಬ ವೈದ್ಯರು ಮಾಡಿದ 10 ಅಂಕದ ಪಟ್ಟಿಯನ್ನು ಇಂದಿಗೂ ಬಳಸುತ್ತೇವೆ. ಲಕ್ಷಣ, ಹೊಟ್ಟೆ ಮುಟ್ಟಿ ನೋಡಿದ್ದು, ಜ್ವರ, ಬಿಳಿ ರಕ್ತಕಣ. ಅದರಲ್ಲಿ ಸ್ಕ್ಯಾನ್‌ಗೆ ಒಂದು ಅಂಕವೂ ಇಲ್ಲ.

ಸ್ಕ್ಯಾನ್ ಬೇಡ ಅಂತ ನಾನು ಹೇಳುತ್ತಿಲ್ಲ. ಹೆಣ್ಣುಮಕ್ಕಳಲ್ಲಿ ಅಂಡಾಶಯದ ಗಂಟು ತಿರುಚಿಕೊಂಡರೂ, ಗರ್ಭ ನಾಳದಲ್ಲಿ ನಿಂತರೂ ಹೀಗೇ ನೋವು ಬರುತ್ತದೆ. ಅಲ್ಲಿ ಸ್ಕ್ಯಾನ್ ಬೇಕೇ ಬೇಕು. ಮದುವೆಯಾಗದ ಹುಡುಗಿಗೂ ಗರ್ಭದ ಪರೀಕ್ಷೆ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ. ಅನುಮಾನ ಉಳಿದರೆ ಸಿಟಿ ಸ್ಕ್ಯಾನ್ ಹೆಚ್ಚು ಸ್ಪಷ್ಟವಾಗಿ ತೋರಿಸುತ್ತದೆ. ಮಕ್ಕಳಿಗೆ, ಗರ್ಭಿಣಿಯರಿಗೆ ಮಾತ್ರ ಅದರ ವಿಕಿರಣದ ಬಗ್ಗೆ ಯೋಚಿಸಬೇಕಾಗುತ್ತದೆ.

ಆ ಹುಡುಗ ಬಗ್ಗಿಕೊಂಡೇ ನಡೆದು ಬಂದ. ಬಲಗಡೆ ಹೊಟ್ಟೆ ಹಲಗೆಯಂತಿತ್ತು. ಹಿಂದಿನ ರಾತ್ರಿ ನೋವು ಇದ್ದಕ್ಕಿದ್ದಂತೆ ಕಡಿಮೆಯಾಗಿ ಎಲ್ಲರೂ ನೆಮ್ಮದಿಯಿಂದ ಮಲಗಿದ್ದರಂತೆ. ಅಪೆಂಡಿಕ್ಸ್ ಒಡೆದದ್ದು ಬಹುಶಃ ಆಗಲೇ. ಒತ್ತಡ ಇಳಿದರೆ ಸ್ವಲ್ಪ ಹೊತ್ತು ಹಾಗೆ ಆರಾಮ ಅನ್ನಿಸುತ್ತದೆ. ಹೊಟ್ಟೆ ತುಂಬಾ ಕೀವು ಇತ್ತು. ತೊಳೆದು, ಟ್ಯೂಬ್ ಇಟ್ಟು, ಎಂಟು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡೆವು. ಒಡೆಯುವ ಮೊದಲೇ ಬಂದಿದ್ದರೆ ಮೂರು ಸಣ್ಣ ತೂತಿನ ಆಪರೇಷನ್, ಸಾಮಾನ್ಯವಾಗಿ ಒಂದೆರಡು ದಿನದಲ್ಲಿ ಮನೆ. ಅವನಪ್ಪ ಒಳ್ಳೆಯ ಮನುಷ್ಯ. ದಿನಾ ವಾರ್ಡಿನ ಬಾಗಿಲಲ್ಲಿ ನಿಂತು, "ನಾನು ಹೇಗೆ ತಿಳ್ಕೋಬೇಕಿತ್ತು ಸಾರ್?" ಅಂತ ಕೇಳುತ್ತಿದ್ದರು. ಈ ಬರಹ ಅವರಿಗೆ ಉತ್ತರ.

ಮಾತ್ರೆಯಲ್ಲೇ ವಾಸಿಯಾಗಲ್ವಾ ಅಂತಲೂ ಕೇಳುತ್ತಾರೆ. ಅಪೆಂಡಿಕ್ಸ್ ಒಡೆಯದೆ ಇರುವ ಕೆಲವರಿಗೆ ಆ್ಯಂಟಿಬಯಾಟಿಕ್ ಸಾಕಾಗುತ್ತದೆ. ಆದರೆ ಅಮೆರಿಕದಲ್ಲಿ 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ ಹಾಗೆ ಮದ್ದು ಪಡೆದ 10 ಜನರಲ್ಲಿ ಸುಮಾರು 3 ಜನರಿಗೆ 90 ದಿನದೊಳಗೆ ಆಪರೇಷನ್ ಬೇಕಾಯಿತು. ಅಪೆಂಡಿಕ್ಸ್ ಒಳಗೆ ಮಲ ಗಟ್ಟಿಯಾಗಿ ಕಲ್ಲಿನಂತಾಗಿದ್ದರೆ ಇನ್ನೂ ಜಾಸ್ತಿ ಜನರಿಗೆ. ಯಾರಿಗೆ ಯಾವುದು ಅನ್ನುವುದನ್ನು ಪರೀಕ್ಷೆ ಮಾಡುವ ವೈದ್ಯರೇ ನಿರ್ಧರಿಸಬೇಕು.

ಅನುಮಾನ ಇದ್ದಾಗ ನಾವು ಆರೇಳು ಗಂಟೆ ಬಿಟ್ಟು ಮತ್ತೆ ಹೊಟ್ಟೆ ಮುಟ್ಟಿ ನೋಡುತ್ತೇವೆ, ರಕ್ತ ಮತ್ತೆ ಪರೀಕ್ಷಿಸುತ್ತೇವೆ. ಬೆಳಗ್ಗೆ ಕಳಿಸಿ "ಸಂಜೆ ಬನ್ನಿ" ಅಂದರೆ, ನೋವು ಕಡಿಮೆಯಾಗಿದ್ದರೂ ಬನ್ನಿ. ಆಪರೇಷನ್ ಬೇಕಾಗಬಹುದು, ಬರುವ ದಾರಿಯಲ್ಲಿ ಇಡ್ಲಿ ತಿನ್ನಿಸಬೇಡಿ.