ಒಂದೇ ಪಾತ್ರೆಯಲ್ಲಿ ಕೀಮಾ ಪಾಸ್ತಾ: ಅಡುಗೆ ಕಲಿಯುವವರಿಗೆ ಟಿಪ್ಪಣಿ

ಪಾಸ್ತಾ ಮಾಡಲು ಎರಡು ದಾರಿ. ಒಂದು, ಜಾಸ್ತಿ ನೀರಿನಲ್ಲಿ ಬೇಯಿಸಿ, ಬಸಿದು, ಬೇರೆ ಮಾಡಿಟ್ಟ ಸಾಸ್‌ಗೆ ಸೇರಿಸುವುದು. ಇನ್ನೊಂದು, ಕುದಿಯುವ ಸಾಸ್‌ಗೇ ಹಸಿ ಪಾಸ್ತಾ ಹಾಕುವುದು. ಬಸಿದ ಅನ್ನಕ್ಕೂ ಪಲಾವ್‌ಗೂ ಇರುವ ವ್ಯತ್ಯಾಸವೇ ಇದು. ಬಸಿಯುವಾಗ ನೀರು ಹೆಚ್ಚಾದರೆ ಚಿಂತೆಯಿಲ್ಲ, ಹೇಗೂ ಚೆಲ್ಲುತ್ತೇವೆ. ಒಂದೇ ಪಾತ್ರೆಯಲ್ಲಿ ಮಾಡುವಾಗ ಹಾಕಿದ ನೀರು ಅಲ್ಲೇ ಇಂಗಬೇಕು. ಆದ್ದರಿಂದ ಮೊದಲು ಕಲಿಯಬೇಕಾದದ್ದು ಅಳತೆ.

ಇಟಲಿಯ ಮನೆಗಳಲ್ಲಿ ಬಸಿಯುವ ಪಾಸ್ತಾಗೆ 100 ಗ್ರಾಂಗೆ 1 ಲೀಟರ್ ನೀರು ಎಂಬ ರೂಢಿಯಿದೆ. ನಮಗೆ ಅಷ್ಟು ಬೇಡವೇ ಬೇಡ. ಮೂವರ ಊಟಕ್ಕೆ 250 ಗ್ರಾಂ ಪೆನ್ನೆ (ಕೊಳವೆಯಾಕಾರದ ಗಿಡ್ಡ ಪಾಸ್ತಾ), 250 ಗ್ರಾಂ ಕೀಮಾ, ರುಬ್ಬಿದ ಟೊಮೆಟೊ 400 ಗ್ರಾಂ, ನೀರು 500 ಮಿ.ಲೀ. ಜೊತೆಗೆ ಒಂದು ದೊಡ್ಡ ಈರುಳ್ಳಿ, ಒಂದು ಕ್ಯಾರೆಟ್, ನಾಲ್ಕು ಎಸಳು ಬೆಳ್ಳುಳ್ಳಿ, ಎಣ್ಣೆ. ಉಪ್ಪು ಒಂದು ಟೀ ಚಮಚ ಸಾಕು, ಏಕೆಂದರೆ ಅದೂ ಚೆಲ್ಲಿ ಹೋಗುವುದಿಲ್ಲ. ಸಾಸ್ ಒಣಗಿದರೆ ಸೇರಿಸಲು ಒಲೆಯ ಪಕ್ಕ ಒಂದು ಲೋಟ ಬಿಸಿನೀರು ಇರಲಿ.

ರುಚಿಯ ಮುಕ್ಕಾಲು ಪಾಲು ಪಾಸ್ತಾ ಹಾಕುವ ಮೊದಲೇ ತೀರ್ಮಾನವಾಗುತ್ತದೆ. ದಪ್ಪ ತಳದ ಅಗಲ ಪಾತ್ರೆ ಚೆನ್ನಾಗಿ ಕಾಯಲಿ. ಕೀಮಾದ ನೀರು ಬಸಿದು, ಹರಡಿ ಹಾಕಿ, ಎರಡು ಮೂರು ನಿಮಿಷ ಕೈಯಾಡಿಸದೆ ಬಿಡಿ. ಮಾಂಸ ಕಂದು ಬಣ್ಣಕ್ಕೆ ತಿರುಗಿ ಘಮ್ ಅನ್ನುವುದು ಸುಮಾರು 140 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಇದಕ್ಕೆ ಮೈಯಾರ್ ಕ್ರಿಯೆ ಎಂದು ಹೆಸರು. ನೀರು ಇರುವ ತನಕ ಪಾತ್ರೆಯ ಬಿಸಿ 100 ಡಿಗ್ರಿ ದಾಟುವುದಿಲ್ಲ, ಕೀಮಾ ಬೂದು ಬಣ್ಣದಲ್ಲೇ ಬೇಯುತ್ತದೆ. ಸಾಸ್ ಸಪ್ಪೆ ಅನ್ನಿಸಲು ಬಹಳ ಸಲ ಇದೇ ಕಾರಣ. ಮಸಾಲೆ ಸುರಿದರೆ ಆ ಕೊರತೆ ತುಂಬುವುದಿಲ್ಲ.

ಈಗ ಈರುಳ್ಳಿ, ಕ್ಯಾರೆಟ್, ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿ ಹಾಕಿ. ಇವು ಪೂರ್ತಿ ಮೆತ್ತಗಾಗುವ ತನಕ ಟೊಮೆಟೊ ಮುಟ್ಟಬೇಡಿ. ತರಕಾರಿಯ ಕೋಶಗಳನ್ನು ಅಂಟಿಸಿ ಹಿಡಿದಿರುವ ಪೆಕ್ಟಿನ್ ಹುಳಿಯಲ್ಲಿ ಬೇಗ ಕರಗುವುದಿಲ್ಲ. ಅವಸರ ಮಾಡಿದರೆ ಕ್ಯಾರೆಟ್ ಕೊನೆಯವರೆಗೂ ಕರುಕುರು ಅನ್ನುತ್ತದೆ. ಆಮೇಲೆ ಟೊಮೆಟೊ, ನೀರು, ಉಪ್ಪು ಹಾಕಿ, ತಳಕ್ಕೆ ಹಿಡಿದ ಕಂದು ಪದರವನ್ನು ಮರದ ಸೌಟಿನಿಂದ ಕೆರೆದು ಬಿಡಿಸಿ. ಅದನ್ನು ಬಿಡಲೇಬಾರದು, ರುಚಿಯೆಲ್ಲ ಅಲ್ಲೇ ಇದೆ.

ಚಿಕನ್ ಕೀಮಾ ಆದರೆ ಸಾಸ್ ಕುದಿ ಬಂದ ಕೂಡಲೇ ಪಾಸ್ತಾ ಹಾಕಬಹುದು. ಮಟನ್ ಕೀಮಾಗೆ ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 20–25 ನಿಮಿಷ ಮೊದಲೇ ಬೇಕು. ಇಲ್ಲದಿದ್ದರೆ ಪಾಸ್ತಾ ಬೆಂದಿರುತ್ತದೆ, ಮಾಂಸ ಜಗಿಯಬೇಕಾಗುತ್ತದೆ.

ಪಾಸ್ತಾ ಹಾಕಿದ ಮೊದಲ ಎರಡು ನಿಮಿಷ ಸೌಟು ಕೆಳಗಿಡಬೇಡಿ. ಆಗ ಅದರ ಮೇಲ್ಮೈಯ ಪಿಷ್ಟ ನೀರು ಹೀರಿ ಅಂಟಾಗುತ್ತದೆ, ಒಂದಕ್ಕೊಂದು ಕಚ್ಚಿಕೊಳ್ಳುತ್ತದೆ. ಆಮೇಲೆ ಅದೇ ಪಿಷ್ಟ ಸಾಸ್‌ಗೆ ಇಳಿದು ಅದನ್ನು ಗಟ್ಟಿ ಮಾಡುತ್ತದೆ. ಕಾರ್ನ್‌ಫ್ಲೋರ್, ಕ್ರೀಮ್ ಯಾವುದೂ ಬೇಡ. ಪ್ಯಾಕೆಟ್ಟಿನ ಮೇಲೆ 10 ನಿಮಿಷ ಎಂದಿದ್ದರೆ ಇಲ್ಲಿ ಇನ್ನೂ ಮೂರು ನಾಲ್ಕು ನಿಮಿಷ ಹಿಡಿಯುತ್ತದೆ. ಗಟ್ಟಿ ಸಾಸ್‌ನಲ್ಲಿ ಪಾಸ್ತಾ ನಿಧಾನವಾಗಿ ಬೇಯುತ್ತದೆ. ಬೆಂಗಳೂರಿನವರು ಇನ್ನೊಂದು ನೆನಪಿಡಿ: ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ನೀರು ಇಲ್ಲಿ 97 ಡಿಗ್ರಿ ಹತ್ತಿರವೇ ಕುದಿಯುತ್ತದೆ. ಗಡಿಯಾರಕ್ಕಿಂತ ಒಂದು ಪೆನ್ನೆ ಕಚ್ಚಿ ನೋಡುವುದೇ ಸರಿ. ನಡುವೆ ಸಣ್ಣದಾಗಿ ಗಟ್ಟಿ ಸಿಗಬೇಕು.

ಪಾಸ್ತಾ ಕೊಳ್ಳುವಾಗ ಡ್ಯೂರಮ್ ಗೋಧಿಯದ್ದೇ ನೋಡಿ. ನಮ್ಮ ಬನ್ಸಿ ರವೆಯೂ ಇದೇ ಜಾತಿಯ ಗೋಧಿಯದ್ದು. ಮೈದಾ ಪಾಸ್ತಾ ಈ ಅಡುಗೆಯಲ್ಲಿ ಬೇಗ ಮುದ್ದೆಯಾಗುತ್ತದೆ, ಏಕೆಂದರೆ ಸಾಸ್‌ನೊಳಗಿಂದ ಅದನ್ನು ಬೇಗ ಎತ್ತುವ ಹಾಗಿಲ್ಲ ಅಲ್ವಾ.

ಇದು ಇಟಲಿಯ ಬೊಲೋನ್ಯಾ ಊರಿನ ರಾಗು ಎಂಬ ಮಾಂಸದ ಸಾಸ್ ಅಲ್ಲ ಎಂಬುದೂ ಗೊತ್ತಿರಲಿ. ಅಲ್ಲಿನ ವಾಣಿಜ್ಯ ಮಂಡಳಿಯಲ್ಲಿ 1982ರಲ್ಲಿ ದಾಖಲಾದ ರಾಗು ಗಂಟೆಗಟ್ಟಲೆ ಬೇಯುತ್ತದೆ, ಟಾಲ್ಯಾತೆಲ್ಲೆ ಎಂಬ ಉದ್ದನೆಯ ಪಾಸ್ತಾ ಜೊತೆ ಹೋಗುತ್ತದೆ. ಆದರೆ ಅದರಿಂದ ಒಂದು ವಿಷಯ ಖಂಡಿತ ಎರವಲು ಪಡೆಯಿರಿ: ಹಾಲು. ಕೊನೆಯಲ್ಲಿ ಉರಿ ತೀರಾ ಸಣ್ಣ ಮಾಡಿ ಕಾಲು ಲೋಟ ಗಟ್ಟಿ ಹಾಲು ಸೇರಿಸಿದರೆ ನಮ್ಮ ನಾಟಿ ಟೊಮೆಟೊದ ಹುಳಿ ತಗ್ಗುತ್ತದೆ.

ಸಾಸ್ ಇನ್ನೂ ಸ್ವಲ್ಪ ತೆಳ್ಳಗಿರುವಾಗಲೇ ಒಲೆ ಆರಿಸಿ, ಐದು ನಿಮಿಷ ಮುಚ್ಚಿಡಿ. ಆರುತ್ತಾ ಅದೇ ಗಟ್ಟಿಯಾಗುತ್ತದೆ. ಉಳಿದದ್ದನ್ನು ಫ್ರಿಜ್‌ನಲ್ಲಿಟ್ಟು ಮಾರನೇ ದಿನ ಬಿಸಿ ಮಾಡುವಾಗ ಅರ್ಧ ಲೋಟ ನೀರು ಹಾಕಿ ಕುದಿಸಿ.