ಅಕೌಂಟ್ ರಿಪೇರಿ ಆಮೇಲೆ, ಮೊದಲು ಫೈಲ್‌ಗಳು

ಪಾಸ್‌ವರ್ಡ್ ಸರಿಯಾಗಿಯೇ ಹಾಕಿದ್ದೀರಿ. ವಿಂಡೋಸ್ ಒಳಗೂ ಬಿಟ್ಟಿದೆ. ಆದರೆ ಡೆಸ್ಕ್‌ಟಾಪ್ ಖಾಲಿ. ನೀವು ಹಾಕಿಕೊಂಡಿದ್ದ ವಾಲ್‌ಪೇಪರ್ ಇಲ್ಲ. ಡಾಕ್ಯುಮೆಂಟ್ಸ್ ತೆರೆದರೆ ಒಂದು ಫೈಲೂ ಕಾಣುತ್ತಿಲ್ಲ. ಮೂಲೆಯಲ್ಲಿ ‘ಟೆಂಪರರಿ ಪ್ರೊಫೈಲ್‌ನಲ್ಲಿ ಸೈನ್ ಇನ್ ಆಗಿದ್ದೀರಿ’ ಎಂಬರ್ಥದ ಸಣ್ಣ ಸೂಚನೆ ಬಂದು ಮಾಯವಾಗುತ್ತದೆ. ಇನ್ನು ಕೆಲವರಿಗೆ ಇಷ್ಟೂ ಆಗುವುದಿಲ್ಲ. ಯೂಸರ್ ಪ್ರೊಫೈಲ್ ಲೋಡ್ ಆಗುತ್ತಿಲ್ಲ ಎಂದು ಹೇಳಿ ಲಾಗಿನ್ ಪರದೆಗೇ ವಾಪಸ್ ಕಳಿಸುತ್ತದೆ.

ಇಂಥ ಕಂಪ್ಯೂಟರ್ ಹಿಡಿದುಕೊಂಡು ಬರುವವರ ಮೊದಲ ಮಾತು ಯಾವಾಗಲೂ ಒಂದೇ. ‘ಸರ್, ಎಲ್ಲಾ ಹೋಯ್ತು.’ ಹೆಚ್ಚಿನ ಸಲ ಏನೂ ಹೋಗಿರುವುದಿಲ್ಲ. ಹೋಗುವುದು ಆಮೇಲೆ, ಅಕೌಂಟ್ ಸರಿಮಾಡಲು ಹೊರಟಾಗ.

ಒಳಗೆ ಆಗಿರುವುದೇನು ಅಂತ ನೋಡೋಣ. ‘ಸಿ’ ಡ್ರೈವ್‌ನ ಯೂಸರ್ಸ್ ಫೋಲ್ಡರ್‌ನಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಒಂದಿರುತ್ತದೆ. ಇದೇ ನಿಮ್ಮ ಪ್ರೊಫೈಲ್. ನಿಮ್ಮ ಫೋಟೊ, ಪತ್ರ, ಲೆಕ್ಕ ಎಲ್ಲವೂ ಅಲ್ಲೇ. ಅದರೊಳಗೇ ಎನ್‌ಟಿಯೂಸರ್ ಡಾಟ್ ಡ್ಯಾಟ್ ಎಂಬ ಅಡಗಿಸಿಟ್ಟ ಫೈಲ್ ಕೂಡ ಇರುತ್ತದೆ. ವಾಲ್‌ಪೇಪರ್ ಯಾವುದು, ಡಾಕ್ಯುಮೆಂಟ್ಸ್ ಎಲ್ಲಿದೆ, ಯಾವ ಪ್ರೋಗ್ರಾಂಗೆ ಯಾವ ಸೆಟ್ಟಿಂಗ್ ಎಂಬುದೆಲ್ಲ ಇದರಲ್ಲಿ ಬರೆದಿರುತ್ತದೆ. ಲಾಗಿನ್ ಆದಾಗಲೆಲ್ಲ ವಿಂಡೋಸ್ ಇದನ್ನು ಓದಲೇಬೇಕು. ಕರೆಂಟ್ ಹಠಾತ್ತನೆ ಹೋದಾಗ, ಅಪ್‌ಡೇಟ್ ಅರ್ಧಕ್ಕೆ ನಿಂತಾಗ, ಡಿಸ್ಕ್ ಹಾಳಾಗುತ್ತಿರುವಾಗ ಈ ಒಂದು ಫೈಲ್ ಕೆಡಬಹುದು. ಕೆಲವೊಮ್ಮೆ ಕೆಟ್ಟೂ ಇರುವುದಿಲ್ಲ, ಆ್ಯಂಟಿವೈರಸ್ ಅದನ್ನು ಹಿಡಿದುಕೊಂಡು ಕೂತಿರುತ್ತದೆ. ಓದಲು ಆಗದಿದ್ದರೆ ವಿಂಡೋಸ್ ಟೆಂಪ್ ಎಂಬ ಹೊಸ ಫೋಲ್ಡರ್ ಮಾಡಿ ನಿಮ್ಮನ್ನು ಅಲ್ಲಿ ಕೂರಿಸುತ್ತದೆ. ನಿಮ್ಮ ನಿಜವಾದ ಫೋಲ್ಡರ್ ಪಕ್ಕದಲ್ಲೇ ತಣ್ಣಗೆ ಇರುತ್ತದೆ.

ಅಪಾಯ ಇರುವುದು ಈ ಟೆಂಪ್‌ನಲ್ಲೇ. ಸೈನ್ ಔಟ್ ಆದ ಕೂಡಲೇ ಅದರಲ್ಲಿ ಉಳಿಸಿದ್ದೆಲ್ಲ ಅಳಿಸಿಹೋಗುತ್ತದೆ. ಒಬ್ಬ ಶಿಕ್ಷಕಿ ‘ಆಮೇಲೆ ರಿಪೇರಿ ಮಾಡಿಸಿದರಾಯ್ತು’ ಎಂದುಕೊಂಡು ಖಾಲಿ ಡೆಸ್ಕ್‌ಟಾಪ್ ಮೇಲೆಯೇ ಇಡೀ ತರಗತಿಯ ಅಂಕಪಟ್ಟಿ ಟೈಪ್ ಮಾಡಿಟ್ಟಿದ್ದರು. ಸಂಜೆ ಶಟ್‌ಡೌನ್ ಮಾಡಿದರು. ಅವರ ಹಳೆಯ ಫೈಲ್‌ಗಳೆಲ್ಲ ಸಿಕ್ಕವು. ಅಂಕಪಟ್ಟಿ ಮಾತ್ರ ಸಿಗಲಿಲ್ಲ.

ಮೊದಲು ಒಂದೆರಡು ಸಲ ರೀಸ್ಟಾರ್ಟ್ ಮಾಡಿ. ಆ್ಯಂಟಿವೈರಸ್ ಅಥವಾ ಅಪ್‌ಡೇಟ್‌ನ ತಕರಾರಾದರೆ ಇಷ್ಟಕ್ಕೇ ಸರಿಹೋಗಬಹುದು. 2020ರ ಫೆಬ್ರವರಿಯಲ್ಲಿ ವಿಂಡೋಸ್ 10ಕ್ಕೆ ಬಂದ ಒಂದು ಅಪ್‌ಡೇಟ್ ಆದ ಮೇಲೆ ಎಷ್ಟೋ ಜನರ ಡೆಸ್ಕ್‌ಟಾಪ್ ಹೊಚ್ಚಹೊಸದರಂತೆ ಖಾಲಿಯಾಗಿತ್ತು. ಹಳೆಯ ಫೋಲ್ಡರ್ ಅಲ್ಲೇ ಇತ್ತು. ಹೆಸರಿನ ಕೊನೆಗೆ ‘ಬಿಎಕೆ’ ಅಂತಲೋ ಮೂರು ಸೊನ್ನೆಯೋ ಸೇರಿಕೊಂಡಿತ್ತು, ಅಷ್ಟೇ. ಹಾಗಾಗಿ ಯೂಸರ್ಸ್ ಫೋಲ್ಡರ್ ತೆರೆದು ಅಲ್ಲಿ ಯಾವ ಯಾವ ಹೆಸರಿದೆ ಅಂತ ಒಮ್ಮೆ ಕಣ್ಣಾಡಿಸಿ.

ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನೆಲ್ಲ ಬರೆದಿಟ್ಟುಕೊಳ್ಳುವ ರಿಜಿಸ್ಟ್ರಿಯಲ್ಲಿ ಪ್ರೊಫೈಲ್‌ಲಿಸ್ಟ್ ಎಂಬಲ್ಲಿಗೆ ಹೋಗಿ ಉದ್ದನೆಯ ಸಂಖ್ಯೆಯ ಕೊನೆಯಲ್ಲಿರುವ ‘ಬಿಎಕೆ’ ತೆಗೆಯಿರಿ ಎಂಬ ಸಲಹೆ ನಿಮಗೆ ಸಿಕ್ಕೇ ಸಿಗುತ್ತದೆ. ಸಲಹೆ ತಪ್ಪಲ್ಲ. ತೊಂದರೆ ಬರೀ ಅಕೌಂಟನ್ನು ಫೋಲ್ಡರ್‌ಗೆ ಜೋಡಿಸುವ ಆ ಕೊಂಡಿಯದ್ದಾದರೆ ಕೆಲಸವೂ ಆಗುತ್ತದೆ. ಆದರೆ ಸೆಟ್ಟಿಂಗ್ ಫೈಲೇ ಕೆಟ್ಟಿದ್ದರೆ ಏನೂ ಉಪಯೋಗವಿಲ್ಲ. ಕೈತಪ್ಪಿ ಬೇರೇನೋ ಅಳಿಸಿದರೆ ಇನ್ನೊಂದು ತಲೆನೋವು. ಫೈಲ್‌ಗಳ ಪ್ರತಿ ಹೊರಗಿನ ಡಿಸ್ಕ್‌ಗೆ ಬರುವವರೆಗೆ ನಾನಂತೂ ರಿಜಿಸ್ಟ್ರಿ ಮುಟ್ಟುವುದಿಲ್ಲ.

ಅದೇ ಕಂಪ್ಯೂಟರ್‌ನಲ್ಲಿ ಇನ್ನೊಂದು ಅಡ್ಮಿನ್ ಅಕೌಂಟ್ ಇದ್ದರೆ ಕೆಲಸ ಸುಲಭ. ಅದರಲ್ಲಿ ಲಾಗಿನ್ ಆಗಿ, ಹೊರಗಿನ ಡಿಸ್ಕ್ ಸಿಕ್ಕಿಸಿ, ನಿಮ್ಮ ಹಳೆಯ ಫೋಲ್ಡರ್ ತೆರೆಯಿರಿ. ಅನುಮತಿ ಇಲ್ಲ ಎಂದು ಹೇಳಿ ‘ಕಂಟಿನ್ಯೂ’ ಬಟನ್ ತೋರಿಸುತ್ತದೆ. ಒತ್ತಿ. ಫೈಲ್ ಜಾಸ್ತಿ ಇದ್ದರೆ ಅನುಮತಿ ಬದಲಾಗಲು ಹೊತ್ತು ಹಿಡಿಯುತ್ತದೆ.

ಕಾಪಿ ಮಾಡಲು ನಾನು ಬಳಸುವುದು ವಿಂಡೋಸ್‌ನಲ್ಲೇ ಇರುವ ರೋಬೋಕಾಪಿ. ಇದು ಕಮಾಂಡ್ ಪ್ರಾಂಪ್ಟ್‌ನಲ್ಲಿ, ಅಂದರೆ ಆದೇಶಗಳನ್ನು ಟೈಪ್ ಮಾಡುವ ಕಪ್ಪು ಕಿಟಕಿಯಲ್ಲಿ, ನಡೆಯುವ ಕೆಲಸ. ಇದರ ಒಂದು ಹಟದ ಸ್ವಭಾವ ಮೊದಲೇ ಗೊತ್ತಿರಲಿ. ಒಂದು ಫೈಲ್ ಓದಲು ಆಗದಿದ್ದರೆ ಅದು ಸುಮ್ನೆ ಮುಂದಕ್ಕೆ ಹೋಗುವುದಿಲ್ಲ. 30 ಸೆಕೆಂಡ್ ಕಾದು ಮತ್ತೆ ಪ್ರಯತ್ನಿಸುತ್ತದೆ. ನೀವೇನೂ ಹೇಳದಿದ್ದರೆ ಹೀಗೆ 10 ಲಕ್ಷ ಸಲ! ಲೆಕ್ಕ ಹಾಕಿದರೆ ಒಂದೇ ಫೈಲ್‌ಗೆ ಹೆಚ್ಚುಕಡಿಮೆ ಒಂದು ವರ್ಷ. ಅದಕ್ಕೇ ಕಮಾಂಡ್‌ನ ಕೊನೆಗೆ ಸ್ಲ್ಯಾಶ್ ಆರ್ ಕೋಲನ್ 1, ಸ್ಲ್ಯಾಶ್ ಡಬ್ಲ್ಯೂ ಕೋಲನ್ 1 ಸೇರಿಸಬೇಕು. ಒಂದು ಸಲ ಮಾತ್ರ ಮರುಪ್ರಯತ್ನ, ಒಂದು ಸೆಕೆಂಡ್ ಮಾತ್ರ ಕಾಯುವುದು. ಒಳಗಿನ ಫೋಲ್ಡರ್‌ಗಳೂ ಬರಲು ಸ್ಲ್ಯಾಶ್ ಇ. ಜೊತೆಗೆ ಸ್ಲ್ಯಾಶ್ ಎಕ್ಸ್‌ಜೆ ಮರೆಯಬೇಡಿ. ಪ್ರೋಗ್ರಾಂಗಳು ತಮ್ಮ ಮಾಹಿತಿ ಇಟ್ಟುಕೊಳ್ಳುವ ಆ್ಯಪ್‌ಡೇಟಾ ಫೋಲ್ಡರ್ ಒಳಗೆ ತನ್ನನ್ನೇ ತೋರಿಸುವ ಕೊಂಡಿಗಳಿವೆ. ಅವನ್ನು ಬಿಡು ಎಂದು ಹೇಳದಿದ್ದರೆ ಅದೇ ಫೋಲ್ಡರ್‌ನೊಳಗೆ ಸುತ್ತು ಹೊಡೆಯುವ ಸಾಧ್ಯತೆ ಇದೆ.

ಯಾವ ಅಕೌಂಟ್‌ನಿಂದಲೂ ಒಳಗೆ ಹೋಗಲು ಆಗದಿದ್ದರೆ? ಲಾಗಿನ್ ಪರದೆಯಲ್ಲಿ ಶಿಫ್ಟ್ ಒತ್ತಿ ಹಿಡಿದು ರೀಸ್ಟಾರ್ಟ್ ಕ್ಲಿಕ್ ಮಾಡಿ. ಟ್ರಬಲ್‌ಶೂಟ್, ಅಡ್ವಾನ್ಸ್‌ಡ್ ಆಪ್ಷನ್ಸ್, ಕಮಾಂಡ್ ಪ್ರಾಂಪ್ಟ್, ಹೀಗೆ ಹೋಗಿ. ಅಲ್ಲಿ ನೋಟ್‌ಪ್ಯಾಡ್ ಎಂದು ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನಮಗೆ ಬೇಕಿರುವುದು ನೋಟ್‌ಪ್ಯಾಡ್ ಅಲ್ಲ, ಅದರ ‘ಓಪನ್’ ಕಿಟಕಿ. ಅದನ್ನು ತೆರೆದು ಕೆಳಗೆ ‘ಆಲ್ ಫೈಲ್ಸ್’ ಆರಿಸಿದರೆ ಎಲ್ಲ ಡ್ರೈವ್‌ಗಳೂ ಕಾಣುತ್ತವೆ. ಫೋಲ್ಡರ್ ಮೇಲೆ ರೈಟ್ ಕ್ಲಿಕ್ ಮಾಡಿ ಕಾಪಿ, ಪೆನ್‌ಡ್ರೈವ್‌ಗೆ ಹೋಗಿ ಪೇಸ್ಟ್. ಎಷ್ಟು ಆಯಿತು ಎಂದು ತೋರಿಸುವ ಪಟ್ಟಿ ಇಲ್ಲಿ ಬರುವುದಿಲ್ಲ. ಕಿಟಕಿ ಸತ್ತಂತೆ ಕಾಣುತ್ತದೆ. ಮುಚ್ಚಬೇಡಿ, ಕಾಯಿರಿ. ಇಲ್ಲಿ ಡ್ರೈವ್ ಅಕ್ಷರಗಳೂ ಅದಲುಬದಲಾಗಿರಬಹುದು. ನಿಮ್ಮ ‘ಸಿ’ ಇಲ್ಲಿ ‘ಡಿ’ ಆಗಿದ್ದರೆ ಗಾಬರಿ ಬೇಡ.

ಈ ಹಂತದಲ್ಲಿ ಬಿಟ್‌ಲಾಕರ್ ಎಂಬ ವಿಂಡೋಸ್ ಬೀಗದ ಕೀ ಕೇಳಿತು ಅಂದರೆ ಡಿಸ್ಕ್ ಎನ್‌ಕ್ರಿಪ್ಟ್ ಆಗಿದೆ, ಅಂದರೆ ಕೀ ಇಲ್ಲದೆ ಓದಲಾಗದಂತೆ ಗೂಢಲಿಪಿಯಲ್ಲಿದೆ ಎಂದರ್ಥ. ‘ನಾನು ಯಾವತ್ತೂ ಆನ್ ಮಾಡಿಲ್ಲ’ ಎಂದು ತುಂಬ ಜನ ಹೇಳುತ್ತಾರೆ. ನಿಜವೇ. ವಿಂಡೋಸ್ 11ರ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ತಾನಾಗಿಯೇ ಆನ್ ಆಗಿರುತ್ತದೆ. 48 ಅಂಕೆಗಳ ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಅಕೌಂಟ್‌ನಲ್ಲಿ ಇರುತ್ತದೆ. ಫೋನಿನಿಂದ ಲಾಗಿನ್ ಆಗಿ ನೋಡಬಹುದು. ಕೀ ಸಿಗದಿದ್ದರೆ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರ್‌ಗೆ ಹಾಕಿದರೂ, ಲಿನಕ್ಸ್ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದರೂ ಅದೇ ಗೋಡೆ ಎದುರಾಗುತ್ತದೆ. ಎನ್‌ಕ್ರಿಪ್ಟ್ ಆಗದ ಡಿಸ್ಕ್‌ಗಾದರೆ ಈ ಎರಡೂ ಒಳ್ಳೆಯ ದಾರಿಗಳೇ.

ಒಂದು ಕೆಲಸ ಮಾತ್ರ ಮಾಡಲೇಬೇಡಿ. ಬೇರೆ ಅಡ್ಮಿನ್ ಅಕೌಂಟ್‌ನಿಂದ ಕೆಟ್ಟ ಅಕೌಂಟ್‌ನ ಪಾಸ್‌ವರ್ಡ್ ರೀಸೆಟ್ ಮಾಡುವುದು. ಲಾಗಿನ್ ಆಗುತ್ತಿಲ್ಲ, ಪಾಸ್‌ವರ್ಡ್ ಬದಲಿಸಿ ನೋಡೋಣ ಅನ್ನಿಸುವುದು ಸಹಜ. ಆದರೆ ವಿಂಡೋಸ್‌ನೊಳಗೇ ಎನ್‌ಕ್ರಿಪ್ಟ್ ಮಾಡಿಟ್ಟ ಫೈಲ್‌ಗಳ ಕೀ, ಬ್ರೌಸರ್ ಉಳಿಸಿಕೊಂಡ ಪಾಸ್‌ವರ್ಡ್‌ಗಳು ಹಳೆಯ ಪಾಸ್‌ವರ್ಡ್‌ಗೇ ಅಂಟಿಕೊಂಡಿರುತ್ತವೆ. ಹಳೆಯದನ್ನು ಹಾಕಿ ಹೊಸದಕ್ಕೆ ಬದಲಾಯಿಸಿದರೆ ತೊಂದರೆಯಿಲ್ಲ. ಬಲವಂತವಾಗಿ ರೀಸೆಟ್ ಮಾಡಿದರೆ ಆ ಕೊಂಡಿ ಕಳಚುತ್ತದೆ.

ಏನೇನು ಕಾಪಿ ಮಾಡಬೇಕು? ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಪಿಕ್ಚರ್ಸ್, ಡೌನ್‌ಲೋಡ್ಸ್ ಎಲ್ಲರಿಗೂ ನೆನಪಾಗುತ್ತವೆ. ಡೆಸ್ಕ್‌ಟಾಪ್ ಖಾಲಿ ಕಂಡರೆ ಒನ್‌ಡ್ರೈವ್ ಫೋಲ್ಡರ್ ಒಳಗೂ ನೋಡಿ, ಎಷ್ಟೋ ಸಲ ನಿಜವಾದ ಡೆಸ್ಕ್‌ಟಾಪ್ ಅಲ್ಲಿರುತ್ತದೆ. ಮೋಡದ ಗುರುತಿರುವ ಫೈಲ್‌ಗಳು ಬರೀ ಹೆಸರು. ಅವುಗಳ ಒಳಗಿನದ್ದು ಇಂಟರ್‌ನೆಟ್‌ನಲ್ಲಿದೆ, ಅಲ್ಲಿಂದಲೇ ಇಳಿಸಿಕೊಳ್ಳಬೇಕು.

ಜನ ಮರೆಯುವುದು ಆ್ಯಪ್‌ಡೇಟಾ. ಅದು ಅಡಗಿಸಿಟ್ಟ ಫೋಲ್ಡರ್. ಹಳದಿ ಚೀಟಿಗಳ ಸ್ಟಿಕ್ಕಿ ನೋಟ್ಸ್ ಇದರೊಳಗೆ ಪ್ಲಮ್ ಡಾಟ್ ಎಸ್‌ಕ್ಯೂಲೈಟ್ ಎಂಬ ಫೈಲ್‌ನಲ್ಲಿ ಕೂತಿರುತ್ತದೆ. ಫೈರ್‌ಫಾಕ್ಸ್‌ನ ಪ್ರೊಫೈಲ್ ಫೋಲ್ಡರ್ ಪೂರ್ತಿ ಕಾಪಿ ಮಾಡಿದರೆ ಪಾಸ್‌ವರ್ಡ್‌ಗಳೂ ಬರುತ್ತವೆ. ಕ್ರೋಮ್‌ನಲ್ಲಿ ಬುಕ್‌ಮಾರ್ಕ್ ಬರುತ್ತದೆ, ಪಾಸ್‌ವರ್ಡ್ ಬರುವುದಿಲ್ಲ. ಗೂಗಲ್ ಅಕೌಂಟ್‌ಗೆ ಸಿಂಕ್ ಮಾಡಿದ್ದರೆ ಆ ಚಿಂತೆಯಿಲ್ಲ. ಔಟ್‌ಲುಕ್ ಬಳಸುವವರು ಮೇಲ್‌ಗಳನ್ನು ಉಳಿಸಿಟ್ಟ ಪಿಎಸ್‌ಟಿ ಫೈಲ್ ಹುಡುಕಿ ತೆಗೆದಿಟ್ಟುಕೊಳ್ಳಿ.

ಕಾಪಿ ಆಮೆಗತಿಯಲ್ಲಿ ಸಾಗುತ್ತಿದ್ದರೆ, ಡಿಸ್ಕ್ ಟಕ್ ಟಕ್ ಎನ್ನುತ್ತಿದ್ದರೆ ಕೆಟ್ಟಿರುವುದು ಅಕೌಂಟ್ ಅಲ್ಲ, ಡಿಸ್ಕ್. ಆಗ ಚೆಕ್‌ಡಿಸ್ಕ್ ಓಡಿಸಬೇಡಿ. ಅದು ನೋಡುವುದು ಡಿಸ್ಕ್‌ನ ಲೆಕ್ಕಪತ್ರ ಸರಿಯಿದೆಯಾ ಅಂತ. ನಿಮ್ಮ ಮದುವೆ ಫೋಟೊ ಉಳಿಯಿತಾ ಅಂತ ಅಲ್ಲ. ಕಂಪ್ಯೂಟರ್ ಆಫ್ ಮಾಡಿ, ಡಿಸ್ಕ್‌ನ ಪೂರ್ತಿ ಪ್ರತಿ ತೆಗೆಯಬಲ್ಲವರಿಗೆ ಕೊಡಿ.

ಎಲ್ಲ ಹೊರಗೆ ಬಂದ ಮೇಲೆ ಹೊಸ ಅಕೌಂಟ್ ಮಾಡಿ. ಹಳೆಯದನ್ನು ರಿಪೇರಿ ಮಾಡುವುದರಲ್ಲಿ ನನಗೆ ನಂಬಿಕೆ ಕಡಿಮೆ, ಅದು ಇವತ್ತು ಸರಿಯಾಗಿ ನಾಳೆ ಮತ್ತೆ ಕೈಕೊಡುತ್ತದೆ. ಹೊಸದಕ್ಕೆ ನಿಮ್ಮ ಫೈಲ್‌ಗಳನ್ನು ಹಾಕಿ. ಎನ್‌ಟಿಯೂಸರ್ ಎಂದು ಶುರುವಾಗುವ ಯಾವ ಫೈಲನ್ನೂ ಹಾಕಬೇಡಿ. ಆ್ಯಪ್‌ಡೇಟಾವನ್ನು ಇಡಿಯಾಗಿ ಸುರಿಯಲೂ ಬೇಡಿ, ರೋಗವೂ ಜೊತೆಗೇ ಬರಬಹುದು.

ಹೆಸರು ಕಂಡ ಮಾತ್ರಕ್ಕೆ ಫೈಲ್ ಬಂದಿದೆ ಅಂತಲ್ಲ. ನಾಲ್ಕು ಫೋಟೊ, ಎರಡು ಎಕ್ಸೆಲ್ ಹಾಳೆ ತೆರೆದು ನೋಡಿ. ಹಳೆಯ ಮತ್ತು ಹೊಸ ಫೋಲ್ಡರ್‌ಗಳ ಗಾತ್ರ ಹೋಲಿಸಿ. ಆಮೇಲೂ ಹಳೆಯ ಅಕೌಂಟನ್ನು ಕೆಲವು ವಾರ ಹಾಗೇ ಬಿಡಿ. ಸೆಟ್ಟಿಂಗ್ಸ್‌ನಲ್ಲಿ ಅಕೌಂಟ್ ತೆಗೆಯಲು ಹೋದರೆ ಬರುವ ಬಟನ್ ಮೇಲೆ ‘ಅಕೌಂಟ್ ಮತ್ತು ಡೇಟಾ ಅಳಿಸಿ’ ಎಂದಿರುತ್ತದೆ. ಅದು ಹೇಳಿದಷ್ಟನ್ನೂ ಮಾಡುತ್ತದೆ. ನಿಮ್ಮದು ತಿರುಗುವ ತಟ್ಟೆಯಿಲ್ಲದ, ಚಿಪ್‌ಗಳ ಡಿಸ್ಕ್ ಅಂದರೆ ಎಸ್‌ಎಸ್‌ಡಿ ಆಗಿದ್ದರೆ ಅಳಿಸಿದ ಜಾಗವನ್ನು ಡ್ರೈವೇ ಒಳಗೊಳಗೆ ಖಾಲಿ ಮಾಡಿಬಿಡುತ್ತದೆ. ಆಮೇಲೆ ಯಾವ ರಿಕವರಿ ಸಾಫ್ಟ್‌ವೇರ್ ಕೊಂಡು ತಂದರೂ ಅದಕ್ಕೆ ಸಿಗುವುದು ಬಹುಮಟ್ಟಿಗೆ ಸೊನ್ನೆಗಳೇ.