ಅರಿವಳಿಕೆಯಲ್ಲೂ ಬೆಚ್ಚುವ ಗಂಟಲು: ಸೂಜಿಮದ್ದಿನಿಂದ ಹನಿಮಂಜಿನವರೆಗೆ

ರೋಗಿಗೆ ಎಚ್ಚರವಿಲ್ಲ, ನೋವಿನ ಅರಿವಿಲ್ಲ. ಆದರೂ ಗಂಟಲೊಳಗನ್ನು ನೋಡುವ ಉಪಕರಣವಾದ ಲಾರಿಂಗೋಸ್ಕೋಪಿನ ಅಲಗು ನಾಲಿಗೆಯ ಬುಡವನ್ನು ಎತ್ತಿ, ಉಸಿರಿನ ಕೊಳವೆ ಧ್ವನಿತಂತುಗಳ ನಡುವೆ ಇಳಿಯುವಾಗ ನಾಡಿ ಓಡತೊಡಗುತ್ತದೆ, ರಕ್ತದೊತ್ತಡ ಏರುತ್ತದೆ. ಗಂಟಲಿನ ನರಗಳು ಮುಟ್ಟಿಸಿದ ಸುದ್ದಿಗೆ ಮಿದುಳಿನ ಕಾಂಡ ತಾನಾಗಿಯೇ ಓಗೊಡುತ್ತದೆ. ಅಡ್ರಿನಲಿನ್, ನಾರ್‌ಅಡ್ರಿನಲಿನ್‌ಗಳೆಂಬ ಉದ್ವೇಗದ ಹಾರ್ಮೋನುಗಳು ರಕ್ತಕ್ಕೆ ನುಗ್ಗುತ್ತವೆ. ಗಟ್ಟಿಮುಟ್ಟಾದವರಲ್ಲಿ ಕೆಲವೇ ನಿಮಿಷಗಳಲ್ಲಿ ಎಲ್ಲವೂ ತಣ್ಣಗಾಗುತ್ತದೆ. ಹೃದಯದ ರಕ್ತನಾಳ ಕಿರಿದಾದವರಿಗೆ, ಮಿದುಳಿನ ರಕ್ತನಾಳ ಉಬ್ಬಿಕೊಂಡವರಿಗೆ ಆ ಕೆಲವು ನಿಮಿಷಗಳೇ ಗಂಡಾಂತರ.

ಗ್ಲಾಸ್ಗೋದ ಶಸ್ತ್ರವೈದ್ಯ ವಿಲಿಯಂ ಮೆಕ್ಯುವೆನ್ 1878ರಲ್ಲಿ ಎಚ್ಚರವಿದ್ದ ರೋಗಿಯ ಬಾಯಿಯ ಮೂಲಕ ಬೆರಳಿನ ಅಂದಾಜಿನಲ್ಲೇ ಶ್ವಾಸನಾಳಕ್ಕೆ ಕೊಳವೆ ಇಳಿಸಿ, ಆಮೇಲೆ ಕ್ಲೋರೋಫಾರ್ಮ್ ಕೊಟ್ಟಿದ್ದರು. ಆ ರೋಗಿಯ ಧೈರ್ಯವನ್ನು ನೆನೆದರೆ ಇಂದಿಗೂ ಮೈ ಜುಮ್ಮೆನ್ನುತ್ತದೆ. ಉಸಿರಿನ ದಾರಿಯನ್ನು ಕೆಣಕಿದರೆ ಹೃದಯ ಪ್ರತಿಕ್ರಿಯಿಸುತ್ತದೆ ಎಂದು ರೀಡ್ ಮತ್ತು ಬ್ರೇಸ್ ಎಂಬ ಸಂಶೋಧಕರು ಬರೆದದ್ದು 1940ರಲ್ಲಿ. 1942ರಲ್ಲಿ ಮಾಂಟ್ರಿಯಲ್‌ನಲ್ಲಿ ಸ್ನಾಯು ಸಡಿಲಿಸುವ ಕ್ಯುರಾರೆ ಅರಿವಳಿಕೆಗೆ ಬಂತು, ಮರುವರ್ಷ ಅರಿವಳಿಕೆ ವೈದ್ಯ ಮ್ಯಾಕಿಂಟಾಷ್‌ರ ಬಾಗಿದ ಅಲಗಿನ ಲಾರಿಂಗೋಸ್ಕೋಪ್ ಬಂತು. ಕೊಳವೆ ಹಾಕುವುದು ದಿನನಿತ್ಯದ ಕೆಲಸವಾಗುತ್ತ ಹೋದಂತೆ ಈ ಏರಿಳಿತವನ್ನು ಅಳೆಯುವ ಅಗತ್ಯವೂ ಹೆಚ್ಚಿತು. ಕಿಂಗ್ ಮತ್ತು ಸಂಗಡಿಗರು 1951ರಲ್ಲಿ ಅದನ್ನು ವಿವರವಾಗಿ ದಾಖಲಿಸಿದರು.

ಈ ಏರಿಕೆಯನ್ನು ತಗ್ಗಿಸುವ ಮದ್ದುಗಳಿಗೇನೂ ಕೊರತೆಯಾಗಲಿಲ್ಲ. ಮರಗಟ್ಟಿಸುವ ಲಿಗ್ನೊಕೇನ್, ನೋವು ನೀಗುವ ಫೆಂಟನಿಲ್, ನಾಡಿ ತಗ್ಗಿಸುವ ಎಸ್ಮೊಲಾಲ್ ಒಂದೊಂದಾಗಿ ಬಂದವು. ಫೆಂಟನಿಲ್ ಪ್ರಮಾಣ ಹೆಚ್ಚಾದರೆ ಉಸಿರಾಟ ಕುಗ್ಗುತ್ತದೆ. ಲಿಗ್ನೊಕೇನನ್ನು ಗಂಟಲಿಗೆ ಸಿಂಪಡಿಸಲು ಹೋದರೆ ಅದೇ ಒಂದು ಕೆಣಕು.

ಅಮೆರಿಕದಲ್ಲಿ 1999ರಲ್ಲಿ ತೀವ್ರನಿಗಾ ಘಟಕದ ಬಳಕೆಗೆ ಒಪ್ಪಿಗೆ ಪಡೆದ ಮಂಪರಿನ ಮದ್ದು ಡೆಕ್ಸ್‌ಮೆಡಿಟೊಮಿಡಿನ್ ಬೇರೆ ಬಗೆಯದು. ಮಿದುಳಿನ ಕಾಂಡದಲ್ಲಿ ಎಚ್ಚರವನ್ನು ಕಾಯುವ ಲೋಕಸ್ ಸೆರೂಲಿಯಸ್ ಎಂಬ ಪುಟ್ಟ ಭಾಗವನ್ನು ಅದು ಶಾಂತಗೊಳಿಸುತ್ತದೆ. ಉಸಿರಾಟದ ಮೇಲೆ ಅದರ ಭಾರ ಕಡಿಮೆ. ಕೂಗಿದರೆ ಎಚ್ಚರಗೊಳ್ಳುವಂಥ ನಿದ್ದೆ ಅದು. ಆದರೆ ರಕ್ತನಾಳಕ್ಕೆ ಕೊಡುವುದಾದರೆ ಸುಮಾರು ಹತ್ತು ನಿಮಿಷ ನಿಧಾನವಾಗಿ ಹರಿಸಬೇಕು. ಅವಸರಿಸಿದರೆ ರಕ್ತದೊತ್ತಡ ಒಮ್ಮೆ ಏರಿ, ನಾಡಿ ತೀರಾ ಇಳಿಯಬಹುದು.

ಇಲ್ಲಿಯೇ ನೆಬುಲೈಸರ್‌ನ ಯೋಚನೆ ಹುಟ್ಟಿದ್ದು. ಉಬ್ಬಸದ ಮಕ್ಕಳಿರುವ ಮನೆಗಳಲ್ಲಿ ಗುರುಗುಟ್ಟುವ ಅದೇ ಯಂತ್ರ. ಮದ್ದನ್ನು ಲವಣಜಲದಲ್ಲಿ ಬೆರೆಸಿ, ಶಸ್ತ್ರಚಿಕಿತ್ಸೆಗೆ ಸುಮಾರು ಅರ್ಧ ಗಂಟೆ ಮೊದಲು ಮಂಜಿನಂತೆ ಉಸಿರಾಡಿಸಿದರೆ ಮೂಗು, ಬಾಯಿ, ಶ್ವಾಸಮಾರ್ಗದ ತೆಳುಪೊರೆ ಅದನ್ನು ಮೆಲ್ಲನೆ ಹೀರುತ್ತದೆ. ಚುಚ್ಚುವ ನೋವಿಲ್ಲ, ಮೂಗಿಗೆ ಹನಿ ಬಿಟ್ಟಾಗಿನ ಉರಿಯೂ ಇಲ್ಲ.

ಭುವನೇಶ್ವರದ ಏಮ್ಸ್‌ನ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಮಂಜನ್ನು ಕಿಲೋಗ್ರಾಂ ತೂಕಕ್ಕೆ 1 ಮೈಕ್ರೋಗ್ರಾಂನಂತೆ ಕೊಟ್ಟಾಗ ನಾಡಿಬಡಿತದ ಏರಿಕೆ ತಗ್ಗಿತು, ಅರಿವಳಿಕೆಯ ಮದ್ದೂ ಕಡಿಮೆ ಸಾಕಾಯಿತು. ರಕ್ತದೊತ್ತಡ ಮಾತ್ರ ಬಗ್ಗಲಿಲ್ಲ. ನನಗೆ ಈ ವಿಧಾನದ ಮೇಲೆ ಭರವಸೆಯಿದೆ, ಆದರೆ ಅದು ರೂಢಿಯಾಗಲಿ ಎನ್ನಲು ಮನಸ್ಸು ಒಪ್ಪುವುದಿಲ್ಲ. ಆ ಅಧ್ಯಯನದಲ್ಲಿದ್ದವರು ಬಹುಮಟ್ಟಿಗೆ ಆರೋಗ್ಯವಂತರು. ಕಿರಿದಾದ ರಕ್ತನಾಳದವರ, ಉಬ್ಬಿದ ರಕ್ತನಾಳದವರ ಹಾಸಿಗೆಯ ಬಳಿ ಈ ಮಂಜು ಎಷ್ಟು ರಕ್ಷಣೆ ಕೊಡುತ್ತದೆ ಎಂಬುದನ್ನು ಅವರಲ್ಲೇ ಅಳೆದು ನೋಡಬೇಕು.